‘ಅದು ಶುಕ್ರಗ್ರಹ’ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ.

ಆಕಾಶದಲ್ಲಿ ಗುರುತು ಸಿಗದ ಏನನ್ನೋ ಕಂಡೆ ಅಂತ ಒಬ್ಬರು ಬಂದು ಅರ್ಜಿ ಕೊಟ್ಟರೆ, ಅವರಿಗೆ ಸರ್ಕಾರಿ ಕಚೇರಿಯಿಂದ ಎಂಥ ಉತ್ತರ ಸಿಗಬೇಕು? ಈ ಪತ್ರ ಅದೊಂದೇ ವಿಷಯಕ್ಕೆ. ಆನೆ ಹಾವಳಿ, ರಸ್ತೆ, ಮಳೆ ಹಾನಿ ಇಷ್ಟೆಲ್ಲ ಇರುವಾಗ ಇದೇನು ಅಂತ ಬದಿಗಿಡಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಾನು ಚಿಕ್ಕಮಗಳೂರು ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಯುಎಫ್‌ಒ, ಅಂದರೆ ಗುರುತು ಸಿಗದ ಹಾರುವ ವಸ್ತುಗಳ ಬಗ್ಗೆ ಓದುವುದು, ಎರಡೂ ಜಿಲ್ಲೆಯಲ್ಲಿ ಯಾರಾದರೂ ಏನಾದರೂ ಕಂಡೆ ಅಂದರೆ ಹೋಗಿ ಕೇಳಿ ಬರೆದುಕೊಳ್ಳುವುದು ನನ್ನ ಮತ್ತು ಕೆಲವು ಸ್ನೇಹಿತರ ಹಳೆಯ ಅಭ್ಯಾಸ. ನಮ್ಮಲ್ಲಿ ಹೈಸ್ಕೂಲ್ ಮೇಷ್ಟ್ರಿದ್ದಾರೆ, ಹಾಸನದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರಿದ್ದಾರೆ, ರಿಟೈರ್ ಆದ ಸರ್ವೇಯರ್ ಒಬ್ಬರಿದ್ದಾರೆ. ಬೇರೆ ಲೋಕದವರು ಬಂದಿಳಿದಿದ್ದಾರೆ ಅಂತ ನಾವು ಯಾರೂ ಹೇಳುತ್ತಿಲ್ಲ. ನಾವು ಬರೆದುಕೊಂಡ ಬೆಳಕುಗಳಲ್ಲಿ ಬಹುಪಾಲಿಗೆ ನಾವೇ ಉತ್ತರ ಕಂಡುಕೊಂಡಿದ್ದೇವೆ. ವಿಮಾನ, ಗ್ರಹ, ಮದುವೆ ಮನೆಯವರು ಹಾರಿಬಿಟ್ಟ ದೀಪ, ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು ಇಂಥವೇ ಜಾಸ್ತಿ. ನಮ್ಮ ತಕರಾರು ಇರುವುದು ಕಚೇರಿಗಳು ಕೊಡುವ ಉತ್ತರದ ಬಗ್ಗೆ. ಆ ಉತ್ತರವೂ ಒಂದು ಹೇಳಿಕೆಯೇ. ಕಂಡವರನ್ನು ಎಷ್ಟು ಪ್ರಶ್ನೆ ಕೇಳುತ್ತೇವೋ ಅಷ್ಟೇ ಪ್ರಶ್ನೆಯನ್ನು ಅದಕ್ಕೂ ಕೇಳಬೇಕು. ಅಷ್ಟು ಕೇಳಿದರೂ ಅದು ನಿಲ್ಲಬೇಕು.

ಆಲ್ದೂರು ಕಡೆಯ ಒಂದು ತೋಟದಲ್ಲಿ ನಡೆದದ್ದನ್ನು ಹೇಳುತ್ತೇನೆ. ಜನವರಿ ತಿಂಗಳು, ಕೊಯ್ಲು ಜೋರಾಗಿತ್ತು. ಕಣದಲ್ಲಿ ಕಾಫಿ ಹರಡಿದ್ದರಿಂದ ರಾತ್ರಿ ಕಾವಲಿಗೆ ಒಬ್ಬರು ಅಲ್ಲೇ ಮಲಗುತ್ತಿದ್ದರು. ಹತ್ತು ಗಂಟೆ ದಾಟಿದ ಮೇಲೆ ಪೂರ್ವದ ಗುಡ್ಡದ ಮೇಲೆ, ಎರಡು ಸಿಲ್ವರ್ ಓಕ್ ಮರಗಳ ನಡುವೆ, ಅವರಿಗೆ ಒಂದು ಬೆಳಕು ಕಂಡಿತು. ಸ್ವಲ್ಪ ಕೆಂಪು ಬೆರೆತ ಬಿಳಿ. ಮಿನುಗುತ್ತಿರಲಿಲ್ಲ. ಕೂಲಿಯವರ ಲೈನ್ ಮನೆ ಪಕ್ಕದಲ್ಲಿದ್ದ, ತೋಟದ ಲೆಕ್ಕ ಬರೆಯುವ ರೈಟರನ್ನು ಕೂಗಿ ಕರೆದರು. ಇಬ್ಬರೂ ನೋಡಿದರು. ಬೆಳಕು ಒಂದಷ್ಟು ಹೊತ್ತು ನಿಂತಲ್ಲೇ ನಿಂತಿತ್ತು. ಆಮೇಲೆ ನಿಧಾನಕ್ಕೆ ಎಡಕ್ಕೆ ಸರಿಯಿತು, ಎಡಗಡೆಯ ಮರ ದಾಟಿತು, ಒಮ್ಮೆಲೇ ಆರಿಹೋಯಿತು. ಸದ್ದು ಕೇಳಲಿಲ್ಲ.

ರೈಟರ್ ತಿಳಿದವರು. ಆ ಹೊತ್ತಿನಲ್ಲಿ ಆನೆ ಓಡಿಸುವವರು ಇದ್ದಾರೋ, ಕಳ್ಳರು ಡ್ರೋನ್ ಬಿಟ್ಟಿದ್ದಾರೋ ಅನ್ನುವ ಚಿಂತೆ ಅವರಿಗೆ. ಒಂದು ಕಚೇರಿಗೆ ಹೋಗಿ ಅರ್ಜಿ ಬರೆದುಕೊಟ್ಟರು. ಅಲ್ಲಿ ಮೊದಲು ಬಂದ ಪ್ರಶ್ನೆ, ಕಾವಲಿನವನು ಆ ರಾತ್ರಿ ಎಷ್ಟು ಹಾಕಿದ್ದ ಅಂತ. ಕೆಲವು ದಿನ ಬಿಟ್ಟು ಲಿಖಿತ ಉತ್ತರವೂ ಬಂತು. ಒಂದೇ ಸಾಲು. ಕಂಡಿದ್ದು ಶುಕ್ರಗ್ರಹ, ಗಾಬರಿಪಡುವ ಅಗತ್ಯವಿಲ್ಲ.

ನಾವು ಹೋಗಿ ಅದೇ ಕಣದಲ್ಲಿ ನಿಂತೆವು. ಕಾವಲಿನವರು ತಾವು ಎದ್ದು ನಿಂತ ಜಾಗ ತೋರಿಸಿದರು. ಸರ್ವೇಯರ್ ದಿಕ್ಸೂಚಿ ಹಿಡಿದು ಎರಡು ಮರಗಳ ದಿಕ್ಕು ಬರೆದುಕೊಂಡರು. ಕೈ ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ ಆಗುತ್ತದೆ. ಗುಡ್ಡದ ನೆತ್ತಿಯಿಂದ ಬೆಳಕು ಎಷ್ಟು ಮೇಲಿತ್ತು ಅಂತ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆವು. ಒಬ್ಬರು ಒಂದು ಮುಷ್ಟಿ ಅಂದರು, ಇನ್ನೊಬ್ಬರು ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಂದರು.

ಶುಕ್ರ ಸೂರ್ಯನಿಗೆ ನಮಗಿಂತ ಹತ್ತಿರದಲ್ಲಿ ಸುತ್ತುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಅದು ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಸಂಜೆ ಕಂಡರೆ ಪಶ್ಚಿಮದಲ್ಲಿ, ಬೆಳಗಿನ ಜಾವ ಕಂಡರೆ ಪೂರ್ವದಲ್ಲಿ. ಆ ಜನವರಿಯಲ್ಲಿ ಅದು ಸಂಜೆಯ ಹೊತ್ತು ಪಶ್ಚಿಮದಲ್ಲಿ ಝಗಝಗ ಹೊಳೆಯುತ್ತಿತ್ತು, ಒಂಬತ್ತೂವರೆಯೊಳಗೆ ಮುಳುಗಿಬಿಡುತ್ತಿತ್ತು. ರಾತ್ರಿ ಹತ್ತಕ್ಕೆ ಪೂರ್ವದ ಗುಡ್ಡದ ಮೇಲೆ ಶುಕ್ರ ಕಾಣಲು ಸಾಧ್ಯವೇ ಇಲ್ಲ. ಆ ವರ್ಷ ಮಾತ್ರ ಅಲ್ಲ, ಯಾವ ವರ್ಷವೂ ಇಲ್ಲ. ಗೋಡೆಗೆ ನೇತುಹಾಕಿದ ಪಂಚಾಂಗ ನೋಡಿದ್ದರೂ ಗೊತ್ತಾಗುತ್ತಿತ್ತು. ಕಾವಲಿನವರಿಗಂತೂ ಬೆಳ್ಳಿ, ಅಂದರೆ ಶುಕ್ರ, ಯಾವುದು ಅಂತ ಚಿಕ್ಕಂದಿನಿಂದ ಗೊತ್ತು. ಅವರೇ ನಮಗೆ ಹೇಳಿದರು, ಬೆಳ್ಳಿ ಆಗಲೇ ಮುಳುಗಿತ್ತು ಅಂತ.

ಗುರು ಆ ಹೊತ್ತಿಗೆ ನೆತ್ತಿಯ ಹತ್ತಿರ ಇತ್ತು. ಮಂಗಳ ಪೂರ್ವದಲ್ಲೇ ಇತ್ತು, ಬಣ್ಣವೂ ಕೆಂಪು, ಆದರೆ ಮರಗಳಿಗಿಂತ ಎಷ್ಟೋ ಮೇಲೆ. ಸ್ಟಾರ್‌ಲಿಂಕ್‌ನಂಥ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡುತ್ತವೆ. ಅವುಗಳ ಮೇಲೆ ಬಿಸಿಲು ಬಿದ್ದರೆ ಮಾತ್ರ ನಮಗೆ ಕಾಣುತ್ತವೆ. ಚಳಿಗಾಲದ ರಾತ್ರಿ ಹತ್ತಕ್ಕೆ ನಮ್ಮ ಪೂರ್ವದ ಆಕಾಶದಲ್ಲಿ ಅವೆಲ್ಲ ಭೂಮಿಯ ನೆರಳಿನೊಳಗೆ ಇರುತ್ತವೆ. ವಿಮಾನವನ್ನು ಪೂರ್ತಿ ತಳ್ಳಿಹಾಕಲು ನಮಗೆ ಆಗಲಿಲ್ಲ. ಎದುರಿಗೆ ಬರುವ ವಿಮಾನ ನಿಂತ ಹಾಗೆಯೇ ಕಾಣುತ್ತದೆ. ಆದರೆ ನಮಗೆ ಜಾಸ್ತಿ ಅನುಮಾನ ಡ್ರೋನ್ ಮೇಲೆ. ಕಾಡಾನೆ ಎಲ್ಲಿದೆ ಅಂತ ನೋಡಲು ಈಗ ನಮ್ಮ ಕಡೆ ಥರ್ಮಲ್ ಕ್ಯಾಮೆರಾ ಕಟ್ಟಿದ ಡ್ರೋನ್ ಬಳಸುತ್ತಾರೆ. ಆ ರಾತ್ರಿ ಆ ಕಡೆ ಡ್ರೋನ್ ಹಾರಿತ್ತಾ ಅಂತ ಕೇಳಿದ್ದಕ್ಕೆ ಯಾರಿಂದಲೂ ಉತ್ತರ ಬರಲಿಲ್ಲ. ನಮ್ಮ ಪುಸ್ತಕದಲ್ಲಿ ‘ಬಹುಶಃ ಡ್ರೋನ್, ಖಾತ್ರಿಯಿಲ್ಲ’ ಅಂತ ಬರೆದು ನಿಲ್ಲಿಸಿದ್ದೇವೆ. ಯಾವುದೋ ಲಾಗ್‌ಬುಕ್ಕಿನ ಒಂದು ಸಾಲು ಸಿಕ್ಕಿದ್ದರೆ ಅಂದೇ ಮುಗಿಯುತ್ತಿತ್ತು.

ನೋಡಿ, ಆ ಬೆಳಕು ಏನೂ ದೊಡ್ಡ ರಹಸ್ಯ ಇರಲಿಕ್ಕಿಲ್ಲ. ಆದರೆ ಆ ಕಾವಲಿನವರು ಇನ್ನು ಮುಂದೆ ಏನು ಕಂಡರೂ ಬಾಯಿ ಬಿಡುವುದಿಲ್ಲ ಅಂದಿದ್ದಾರೆ. ನಷ್ಟ ಆಗಿರುವುದು ಅಲ್ಲಿ.

ಈ ಜಗಳ ನಮ್ಮೂರಲ್ಲಿ ಹುಟ್ಟಿದ್ದಲ್ಲ. 1947ರ ಜೂನ್ 24ರಂದು ಅಮೆರಿಕದಲ್ಲಿ ಕೆನೆತ್ ಆರ್ನಾಲ್ಡ್ ಎಂಬ ಪೈಲಟ್ ರೇನಿಯರ್ ಪರ್ವತದ ಹತ್ತಿರ ಒಂಬತ್ತು ಹೊಳೆಯುವ ವಸ್ತುಗಳು ಹಾರಿದ್ದು ಕಂಡೆ ಅಂದ. ಅಲ್ಲಿಂದ ಶುರುವಾಗಿದ್ದು. ಅಮೆರಿಕದ ವಾಯುಪಡೆ ಇಂಥ ವರದಿಗಳನ್ನು ಸೇರಿಸಿಕೊಂಡು ತನಿಖೆ ಮಾಡಿತು. ಕೊನೆಯ ತನಿಖೆಯ ಹೆಸರು ಪ್ರಾಜೆಕ್ಟ್ ಬ್ಲೂ ಬುಕ್. 1969ರಲ್ಲಿ ಅದನ್ನು ಮುಚ್ಚಿದಾಗ ಲೆಕ್ಕಕ್ಕೆ ಬಂದ ಒಟ್ಟು ವರದಿ 12,618. ಅದರಲ್ಲಿ ಉತ್ತರ ಸಿಗದೆ ಉಳಿದದ್ದು 701. ಎಲ್ಲರೂ ಆ 701ರ ಬಗ್ಗೆಯೇ ಮಾತಾಡುತ್ತಾರೆ. ನನಗೆ ಉಳಿದವುಗಳ ಮೇಲೆಯೇ ಕಣ್ಣು. ಉತ್ತರ ಸಿಕ್ಕಿತು ಅಂತ ಕಡತ ಮುಚ್ಚಿದವುಗಳಲ್ಲಿ ನಿಜವಾದ ಉತ್ತರ ಎಷ್ಟು, ಕೈತೊಳೆದುಕೊಂಡದ್ದು ಎಷ್ಟು? ಸ್ವತಂತ್ರವಾಗಿ ಸಂಶೋಧನೆ ಮಾಡಿದವರು ಅಂದಿನಿಂದ ಕೇಳುತ್ತಾ ಬಂದದ್ದು ಇದನ್ನೇ.

ಇದನ್ನು ಕೇಳಿದವರಲ್ಲಿ ಮುಖ್ಯವಾದವರು ವಾಯುಪಡೆಯ ಸಲಹೆಗಾರರೇ. ಜೆ. ಅಲೆನ್ ಹೈನೆಕ್ ಖಗೋಳ ವಿಜ್ಞಾನಿ. 1948ರಿಂದ ವಾಯುಪಡೆಗೆ ಸಲಹೆ ಕೊಡುತ್ತಿದ್ದರು. ಕಂಡದ್ದು ನಕ್ಷತ್ರವೋ ಉಲ್ಕೆಯೋ ಅಂತ ಹೇಳುವುದು ಅವರ ಕೆಲಸ. ಮೊದಲು ಅವರಿಗೂ ಇದೆಲ್ಲ ಹುರುಳಿಲ್ಲದ್ದು ಅನ್ನಿಸಿತ್ತು. 1966ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದ ಡೆಕ್ಸ್ಟರ್ ಮತ್ತು ಹಿಲ್ಸ್‌ಡೇಲ್ ಎಂಬ ಊರುಗಳಲ್ಲಿ ಜನ ಬೆಳಕು ಕಂಡರು. ಪೊಲೀಸರು ಕಂಡರು, ಕಾಲೇಜು ಹಾಸ್ಟೆಲಿನ ಹೆಣ್ಣುಮಕ್ಕಳು ಕಿಟಕಿಯಲ್ಲಿ ನಿಂತು ನೋಡಿದರು. ದೇಶವೆಲ್ಲ ಗದ್ದಲ. ವಾಯುಪಡೆ ಹೈನೆಕ್ ಅವರನ್ನು ಕಳಿಸಿತು. ಕೆಲವೇ ದಿನದಲ್ಲಿ ಪತ್ರಿಕಾಗೋಷ್ಠಿ ನಡೆಸಬೇಕಾಯಿತು. ಜೌಗು ನೆಲದಿಂದ ಏಳುವ ಅನಿಲ ಹೊತ್ತಿಕೊಂಡು ಹೀಗೆ ಕಂಡಿರಬಹುದು ಅಂತ ಅವರು ಒಂದು ಸಾಧ್ಯತೆ ಹೇಳಿದರು. ಪತ್ರಿಕೆಗಳು ಅದನ್ನೇ ತೀರ್ಪು ಅಂತ ಅಚ್ಚು ಹಾಕಿದವು.

ನಮ್ಮ ಗದ್ದೆ ಬಯಲಿನ ಕೊಳ್ಳಿದೆವ್ವಕ್ಕೆ ಮೇಷ್ಟ್ರುಗಳು ಹೇಳುತ್ತಿದ್ದ ಉತ್ತರವೂ ಇದೇ ಅಲ್ವಾ? ಉತ್ತರ ಕೇಳಲು ಚೆನ್ನಾಗಿದೆ. ಆದರೆ ಆ ರಾತ್ರಿ, ಆ ಜಾಗದಲ್ಲಿ ಅಂಥ ಅನಿಲ ಇತ್ತು ಅಂತ ಯಾರೂ ಅಳೆದು ತೋರಿಸಲಿಲ್ಲ. ಮಿಷಿಗನ್ ಜನ ಸಿಟ್ಟಾದರು. ತಮ್ಮನ್ನು ದಡ್ಡರು ಅಂದ ಹಾಗಾಯಿತು ಅಂತ ನೊಂದರು. ಅಲ್ಲಿನ ಸಂಸದ ಜೆರಾಲ್ಡ್ ಫೋರ್ಡ್, ಮುಂದೆ ಅಧ್ಯಕ್ಷರಾದವರು, ಸಂಸತ್ತೇ ಇದರ ವಿಚಾರಣೆ ನಡೆಸಲಿ ಅಂದರು. ವಿಚಾರಣೆ ನಡೆಯಿತು. ಆಮೇಲೆ ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಅಧ್ಯಯನ ಒಪ್ಪಿಸಿದರು. ಅದರ ವರದಿ, ಇನ್ನು ಮುಂದೆ ಈ ವಿಷಯದ ಅಧ್ಯಯನದಿಂದ ವಿಜ್ಞಾನಕ್ಕೆ ಲಾಭವಿಲ್ಲ ಅಂತ ಹೇಳಿತು. ಆದರೆ ಅದೇ ವರದಿಯ ಒಳಗೆ ಉತ್ತರ ಸಿಗದ ಪ್ರಕರಣಗಳು ಹಾಗೇ ಉಳಿದಿದ್ದವು. ಹೈನೆಕ್ 1973ರಲ್ಲಿ ಸ್ವಂತ ಅಧ್ಯಯನ ಕೇಂದ್ರ ಕಟ್ಟಿದರು. ಸರ್ಕಾರದ ಪರವಾಗಿ ಉತ್ತರ ಹೇಳುತ್ತಿದ್ದವರೇ ಆಚೆ ಬಂದು ಪ್ರಶ್ನೆ ಕೇಳುವವರಾದರು. ಅವರನ್ನು ಆಚೆ ತಳ್ಳಿದ್ದು ಹಾರುವ ತಟ್ಟೆಯಲ್ಲ. ಅವಸರದ ಉತ್ತರಗಳು.

ಇನ್ನೊಬ್ಬರು ಜೇಮ್ಸ್ ಮೆಕ್‌ಡೊನಾಲ್ಡ್, ಅರಿಜೋನ ವಿಶ್ವವಿದ್ಯಾಲಯದ ವಾತಾವರಣ ವಿಜ್ಞಾನಿ. 1952ರ ಜುಲೈನಲ್ಲಿ ವಾಷಿಂಗ್ಟನ್ ನಗರದ ಮೇಲೆ ರೇಡಾರ್‌ನಲ್ಲಿ ಗುರುತು ಸಿಗದ ವಸ್ತುಗಳು ಕಂಡಿದ್ದವು. ಮೇಲಿನ ಗಾಳಿ ಕೆಳಗಿನದಕ್ಕಿಂತ ಬಿಸಿಯಾಗಿದ್ದರಿಂದ ರೇಡಾರ್ ಅಲೆ ಬಾಗಿ ಹಾಗೆ ತೋರಿತು ಅಂತ ವಾಯುಪಡೆ ಹೇಳಿತ್ತು. ಮೆಕ್‌ಡೊನಾಲ್ಡ್ ಆ ರಾತ್ರಿಗಳ ಹವಾಮಾನದ ಅಂಕಿ ತೆಗೆದು ಲೆಕ್ಕ ಹಾಕಿದರು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅಂಥ ಗುರುತು ಮೂಡಲ್ಲ ಅಂತ ವಾದಿಸಿದರು. ಅವರ ವಾದವನ್ನು ಎಲ್ಲರೂ ಒಪ್ಪಿಲ್ಲ. ಒಪ್ಪಲೇಬೇಕು ಅಂತ ನಾನೂ ಹೇಳುವುದಿಲ್ಲ. ಆದರೆ ಅವರು ಅಂಕಿ ಮುಂದಿಟ್ಟು ಜಗಳ ಆಡಿದರು. ಹಾಗೆ ಆಡಿದ ಜಗಳವನ್ನು ಇವತ್ತಿಗೂ ಯಾರು ಬೇಕಾದರೂ ತೆಗೆದು ಪರೀಕ್ಷಿಸಬಹುದು.

ಕೆಲವು ಸರ್ಕಾರಿ ಉತ್ತರಗಳು ತಪ್ಪು ಅಂತ ಗೊತ್ತಿದ್ದೇ ಕೊಟ್ಟವು. ಇದು ನನ್ನ ಆರೋಪ ಅಲ್ಲ, ಅವರದೇ ಒಪ್ಪಿಗೆ. 1955ರಿಂದ ಅಮೆರಿಕ ಯು-2 ಎಂಬ ಗೂಢಚಾರಿ ವಿಮಾನವನ್ನು ಗುಟ್ಟಾಗಿ ಹಾರಿಸುತ್ತಿತ್ತು. ಬೇರೆ ಯಾವ ವಿಮಾನವೂ ಮುಟ್ಟದ ಎತ್ತರ. ಸಂಜೆ ನೆಲದಲ್ಲಿ ಕತ್ತಲಾದ ಮೇಲೂ ಅದರ ಮೇಲೆ ಬಿಸಿಲು ಬೀಳುತ್ತಿತ್ತು, ಬೆಂಕಿಯಾಗಿ ಹೊಳೆಯುತ್ತಿತ್ತು. ಕಂಡವರು ವರದಿ ಕೊಟ್ಟರು. ತನಿಖೆ ಮಾಡುವವರು ಒಳಗಿಂದೊಳಗೆ ವಿಚಾರಿಸಿ ಅದು ಯು-2 ಅಂತ ತಿಳಿದುಕೊಂಡರೂ, ಹೊರಗೆ ಮಂಜಿನ ಹರಳು, ಗಾಳಿಯ ಉಷ್ಣಾಂಶ ಅಂತ ಹೇಳಿ ಕಳಿಸಿದರು. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ಇತಿಹಾಸಕಾರರ 1997ರ ಲೇಖನದಲ್ಲೇ ಇದು ಇದೆ. 1950ರ ದಶಕದ ಕೊನೆ ಮತ್ತು 60ರ ದಶಕದ ವರದಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಗುಟ್ಟಿನ ವಿಮಾನಗಳವೇ ಅಂತ ಅದರಲ್ಲಿ ಬರೆದಿದ್ದಾರೆ. ಸ್ವತಂತ್ರ ಸಂಶೋಧಕರು ಇದನ್ನೂ ಸುಮ್ನೆ ಒಪ್ಪಲಿಲ್ಲ. ಯಾವ ವರದಿ ಯಾವ ಹಾರಾಟಕ್ಕೆ ಹೊಂದುತ್ತದೆ, ತೋರಿಸಿ ಅಂದರು. ಸರಿಯಾದ ಪ್ರಶ್ನೆ. ಅರ್ಧಕ್ಕಿಂತ ಜಾಸ್ತಿ ಅನ್ನುವ ಮಾತಿಗೂ ಪಟ್ಟಿ ಬೇಕು.

ಅಮೆರಿಕದ ರಾಸ್ವೆಲ್ ಊರಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಜಾಸ್ತಿ ಹೇಳುವುದಿಲ್ಲ. 1947ರಲ್ಲಿ ಅಲ್ಲಿ ಸೇನೆಯೇ ಮೊದಲು ಹಾರುವ ತಟ್ಟೆ ಸಿಕ್ಕಿತು ಅಂತ ಪ್ರಕಟಿಸಿತು, ಒಂದು ದಿನ ಕಳೆಯುವುದರೊಳಗೆ ಹವಾಮಾನ ಬಲೂನ್ ಅಂದಿತು. 1994ರಲ್ಲಿ, ಅದು ಸೋವಿಯತ್ ಅಣು ಪರೀಕ್ಷೆ ಪತ್ತೆ ಹಚ್ಚಲು ಬಿಟ್ಟ ಗುಪ್ತ ಬಲೂನು ಅಂತ ವಾಯುಪಡೆ ಹೇಳಿತು. 1994ರ ಉತ್ತರ ಸರಿ ಅಂತ ನನಗೆ ಅನ್ನಿಸುತ್ತದೆ. ಆದರೆ 47 ವರ್ಷ ಬೇರೆ ಮಾತು ಹೇಳಿದವರು ಸರಿಯಾದ ಉತ್ತರ ಕೊಟ್ಟಾಗಲೂ ಜನ ನಂಬದೆ ಇದ್ದರೆ ತಪ್ಪು ಜನರದ್ದಾ?

ಇದೆಲ್ಲ ಅಮೆರಿಕದ್ದು, ನಮಗೇನು ಅನ್ನಬಹುದು ತಾವು. ನಮ್ಮ ದೇಶದಲ್ಲೇ ಒಂದು ಒಳ್ಳೆಯ ಮಾದರಿ ಇದೆ. 2012ರಲ್ಲಿ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಕಡೆ ಗಡಿ ಕಾಯುವ ಸೈನಿಕರಿಗೆ ಪದೇ ಪದೇ ಬೆಳಕುಗಳು ಕಂಡವು. ಚೀನಾದ ಡ್ರೋನ್ ಇರಬಹುದು ಅಂತ ಅನುಮಾನ. ಸೈನಿಕರು ಕಂಡದ್ದನ್ನೆಲ್ಲ ಬರೆದಿಟ್ಟರು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಿದರು. ಅವರು ಪರಿಶೀಲಿಸಿ, ಅವು ಶುಕ್ರ ಮತ್ತು ಗುರು ಅಂತ 2013ರಲ್ಲಿ ತಿಳಿಸಿದರು. ಅಲ್ಲಿಯೂ ಉತ್ತರ ಶುಕ್ರನೇ. ಆದರೆ ಸೈನಿಕರನ್ನು ಯಾರೂ ಕುಡಿದಿದ್ರಾ ಅಂತ ಕೇಳಲಿಲ್ಲ. ಬಂದ ವರದಿಗೆ ಬೆಲೆ ಕೊಟ್ಟು, ಗೊತ್ತಿರುವವರನ್ನು ಕೇಳಿ, ನೋಡಿ ಹೇಳಿದರು.

2023ರ ನವೆಂಬರ್ 19ರಂದು ಇಂಫಾಲ್ ವಿಮಾನ ನಿಲ್ದಾಣದ ಹತ್ತಿರ ಏನೋ ಹಾರುತ್ತಿದೆ ಅಂತ ವಿಮಾನ ಸಂಚಾರವನ್ನೇ ನಿಲ್ಲಿಸಿದ್ದರು. ನಿಲ್ದಾಣದಿಂದ ಬಂದ ಮಾಹಿತಿ ಮೇಲೆ ಕ್ರಮ ತೆಗೆದುಕೊಂಡೆವು, ಆಮೇಲೆ ಆ ಸಣ್ಣ ವಸ್ತು ಕಾಣಲಿಲ್ಲ ಅಂತ ವಾಯುಪಡೆ ಹೇಳಿತು. ಇದಕ್ಕೆ ನನ್ನ ಮೆಚ್ಚುಗೆ ಇದೆ. ಕಾಣಲಿಲ್ಲ ಅಂದರು, ಇಲ್ಲದ ಶುಕ್ರನನ್ನು ತಂದು ಕೂರಿಸಲಿಲ್ಲ.

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಕೇಳಿದ ದೊಡ್ಡ ಸದ್ದು ತಮಗೂ ನೆನಪಿರಬೇಕು. ಭೂಕಂಪ ಅಲ್ಲ ಅಂತ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಹೇಳಿತು. ಸಂಜೆ ರಕ್ಷಣಾ ಇಲಾಖೆ ಬಾಯಿಬಿಟ್ಟಿತು. ವಾಯುಪಡೆಯ ಪರೀಕ್ಷಾ ವಿಮಾನ ಶಬ್ದದ ವೇಗ ದಾಟಿತ್ತು. ವೇಗ ಇಳಿಸುವಾಗ, 36,000ದಿಂದ 40,000 ಅಡಿ ಎತ್ತರದಲ್ಲಿ, ಆ ಸದ್ದು ಹುಟ್ಟಿರಬಹುದು ಅಂತ ತಿಳಿಸಿತು. ಎತ್ತರ ಇದೆ, ಕಾರಣ ಇದೆ, ‘ಇರಬಹುದು’ ಅನ್ನುವ ಎಚ್ಚರಿಕೆಯೂ ಇದೆ. ಉತ್ತರ ಅಂದರೆ ಹೀಗಿರಬೇಕು.

ನಮ್ಮ ಎರಡು ಜಿಲ್ಲೆಗೆ ಈ ವಿಷಯ ಬೇರೆ ಕಡೆಗಿಂತ ಜಾಸ್ತಿ ಹತ್ತಿರ. ಹಾಸನದಲ್ಲಿ 1982ರಿಂದ ಇಸ್ರೊದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ, ಇದೆ. ಆ ದೊಡ್ಡ ಡಿಶ್‌ಗಳನ್ನು ನೋಡುತ್ತಾ ಬೆಳೆದ ಜನ, ರಾತ್ರಿ ಏನು ಸರಿದಾಡಿದರೂ ಎಂಸಿಎಫ್‌ನವರ ಸ್ಯಾಟಲೈಟ್ ಇರಬೇಕು ಅನ್ನುತ್ತಾರೆ. ಅದೂ ಪರೀಕ್ಷೆ ಮಾಡದ ಉತ್ತರವೇ. ಎಂಸಿಎಫ್ ನೋಡಿಕೊಳ್ಳುವ ಸಂಪರ್ಕ ಉಪಗ್ರಹಗಳು ಸುಮಾರು 36,000 ಕಿ.ಮೀ. ಮೇಲಿವೆ. ಭೂಮಿ ತಿರುಗುವ ವೇಗಕ್ಕೇ ತಿರುಗುವುದರಿಂದ ನಮಗೆ ಒಂದೇ ಕಡೆ ನಿಂತ ಹಾಗೆ ಇರುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ. ಇನ್ನು ಕಡೂರು, ಅಜ್ಜಂಪುರದ ಆಚೆಗೆ ಚಿತ್ರದುರ್ಗ ಜಿಲ್ಲೆ. ಅಲ್ಲಿನ ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆ ಆಯಿತು. ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ತಪಸ್ ಎಂಬ ಅಂಥ ವಿಮಾನ 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಬಿತ್ತು. ಓಡಿ ಹೋಗಿ ನೋಡಿದವರು ಊರಿನ ಜನ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ಹೈದರಾಬಾದಿನ ಟಿಐಎಫ್‌ಆರ್ ಸಂಸ್ಥೆಯ ಸಂಶೋಧನಾ ಬಲೂನು ಬಂದು ಬಿದ್ದಾಗಲೂ ಮೊದಲು ಕಂಡವರು ಊರಿನವರೇ. ಆಕಾಶದಿಂದ ಏನೇ ಬಂದರೂ ಸರ್ಕಾರಕ್ಕಿಂತ ಮೊದಲು ಕಾಣುವುದು ದನ ಮೇಯಿಸುವವರಿಗೆ, ಕಾವಲು ಕಾಯುವವರಿಗೆ, ನೀರು ಕಟ್ಟಲು ಹೋದವರಿಗೆ. ಅವರ ಬಾಯಿ ಮುಚ್ಚಿಸಿದರೆ ನಷ್ಟ ಆಡಳಿತಕ್ಕೇ.

ನಮ್ಮ ಕಡೆಯವರ ಬಗ್ಗೆಯೂ ಹೇಳಬೇಕು. ಸ್ವತಂತ್ರ ಸಂಶೋಧನೆ ಅನ್ನುವ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊ ಸಂಸತ್ತಿನಲ್ಲಿ ಅನ್ಯಗ್ರಹದವರ ಶವ ಅಂತ ಪೆಟ್ಟಿಗೆ ತೆರೆದು ತೋರಿಸಿದರು. ಅಂಥವೇ ಬೊಂಬೆಗಳನ್ನು ಪೆರುವಿನ ತಜ್ಞರು ಪರೀಕ್ಷಿಸಿದಾಗ ಮೂಳೆಗಳನ್ನು ಅಂಟು ಹಾಕಿ ಜೋಡಿಸಿದ್ದು ಅಂತ ಗೊತ್ತಾಯಿತು. ಇಂಥದ್ದರಿಂದ ನಿಜವಾಗಿ ಕೆಲಸ ಮಾಡುವವರಿಗೂ ಕೆಟ್ಟ ಹೆಸರು. ಅದೇ ಹೊತ್ತಿಗೆ ಒಳ್ಳೆಯ ಕೆಲಸವೂ ಆಗಿದೆ. ಅಮೆರಿಕದ ನೌಕಾಪಡೆಯ ‘ಗೋ ಫಾಸ್ಟ್’ ವಿಡಿಯೊದಲ್ಲಿ ಒಂದು ಬಿಳಿ ಚುಕ್ಕೆ ಸಮುದ್ರದ ಮೇಲೆ ಭಾರೀ ವೇಗದಲ್ಲಿ ಓಡಿದ ಹಾಗೆ ಕಾಣುತ್ತದೆ. ಪರದೆಯ ಮೇಲೆ ವಿಮಾನದ ಎತ್ತರ, ಕ್ಯಾಮೆರಾದ ಕೋನ, ದೂರ ಎಲ್ಲ ಅಂಕಿಯಲ್ಲಿದ್ದವು. ಸರ್ಕಾರಕ್ಕೆ ಸೇರದ ಜನ ಅವನ್ನು ತೆಗೆದು ಹೈಸ್ಕೂಲ್ ತ್ರಿಕೋನಮಿತಿಯಲ್ಲಿ ಲೆಕ್ಕ ಹಾಕಿದರು. ಓಡುತ್ತಿದ್ದದ್ದು ವಿಮಾನ, ಚುಕ್ಕೆ ಗಾಳಿಗೆ ತೇಲುವ ವೇಗದಲ್ಲಿತ್ತು. 2023ರಲ್ಲಿ ನಾಸಾದ ತಜ್ಞರ ಸಮಿತಿಯೂ ಲೆಕ್ಕ ಹಾಕಿ ಗಂಟೆಗೆ ಸುಮಾರು 40 ಮೈಲಿ ಅಂದಿತು. ಅಂಕಿ ಎದುರಿಗಿದ್ದದ್ದರಿಂದ ಇಬ್ಬರೂ ಒಂದೇ ಕಡೆ ಬಂದರು.

ಈಗ ನಮ್ಮ ಕೋರಿಕೆ. ಜಮೀನಿನ ಹದ್ದುಬಸ್ತು ತಕರಾರು ಬಂದಾಗ ತಮ್ಮ ಸರ್ವೇಯರ್ ‘ಗಡಿ ಸರಿ ಇದೆ’ ಅಂತ ಒಂದು ಸಾಲು ಬರೆದು ಹೋಗುವುದಿಲ್ಲ. ಅಕ್ಕಪಕ್ಕದವರಿಗೆ ನೋಟಿಸ್ ಕೊಡುತ್ತಾರೆ, ಅಳೆಯುತ್ತಾರೆ, ನಕ್ಷೆ ಬರೆದು ಸಹಿ ಹಾಕುತ್ತಾರೆ. ಒಪ್ಪದವರಿಗೆ ಮೇಲ್ಮನವಿಗೆ ದಾರಿ ಇದೆ. ಆಕಾಶದ ಅರ್ಜಿಗೂ ಅಷ್ಟೇ ಮರ್ಯಾದೆ ಕೇಳುತ್ತಿದ್ದೇವೆ.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ಇದಕ್ಕೊಂದು ರಿಜಿಸ್ಟರ್ ಇಡಿ. ಕನ್ನಡದಲ್ಲಿ ಒಂದು ಪುಟದ ನಮೂನೆ ಸಾಕು. ದಿನಾಂಕ, ಗಂಟೆ, ನಿಂತ ಜಾಗ, ದಿಕ್ಕು, ಎಷ್ಟು ಮುಷ್ಟಿ ಮೇಲೆ, ಎಷ್ಟು ಹೊತ್ತು, ಸದ್ದು ಇತ್ತಾ, ಜೊತೆಗೆ ಯಾರಿದ್ದರು. ಕಂಡವರ ಹೆಸರು ಗುಟ್ಟಾಗಿರಲಿ. ಆ ರಾತ್ರಿ ಸರ್ಕಾರಿ ಡ್ರೋನ್ ಹಾರಿದ್ದರೆ ಅದರ ಲಾಗ್ ನೋಡಿ. ಗ್ರಹಗಳ ಅನುಮಾನ ಬಂದರೆ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರೊಬ್ಬರನ್ನು ಕೇಳಿ. ಅವರಿಗೂ ಆಗದಿದ್ದರೆ ಎಂಸಿಎಫ್, ಖಭೌತ ಸಂಸ್ಥೆ ಇವೆ. ಉತ್ತರದಲ್ಲಿ ಏನು ಪರಿಶೀಲಿಸಿದಿರಿ, ಯಾರು ಪರಿಶೀಲಿಸಿದರು ಅಂತ ಬರೆಯಿರಿ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಬರೆಯಿರಿ. ರಕ್ಷಣೆಯ ಕಾರಣಕ್ಕೆ ಹೇಳಲು ಆಗದ ವಿಷಯ ಇರಬಹುದು, ಅದು ನಮಗೂ ಅರ್ಥವಾಗುತ್ತದೆ. ಆಗ ‘ಹೇಳಲು ಬರುವುದಿಲ್ಲ’ ಅಂದರೆ ಸಾಕು. ಸುಳ್ಳು ಉತ್ತರ ಬೇಡ.

ಇದು ಆಗದ ಕೆಲಸ ಅಲ್ಲ. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ 1977ರಿಂದ ಇದೇ ಕೆಲಸ ಮಾಡುತ್ತಿದೆ. ಬಂದ ಪ್ರಕರಣವನ್ನು ನಾಲ್ಕು ಭಾಗ ಮಾಡುತ್ತಾರೆ: ಗುರುತು ಸಿಕ್ಕಿದ್ದು, ಬಹುಶಃ ಸಿಕ್ಕಿದ್ದು, ಮಾಹಿತಿ ಸಾಲದ್ದು, ಮಾಹಿತಿ ಇದ್ದೂ ಗುರುತು ಸಿಗದ್ದು. 2007ರಿಂದ ಕಡತಗಳನ್ನು ಸಾರ್ವಜನಿಕರಿಗೆ ಬಿಟ್ಟಿದ್ದಾರೆ. ಯಾವ ಗಲಾಟೆಯೂ ಆಗಿಲ್ಲ. ನಮ್ಮ ರಾಜ್ಯಕ್ಕೂ ಇದು ಹೊಸತಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದ್ದರು. ಪವಾಡ ಇಲ್ಲ ಅಂತ ಹೇಳಿಕೆ ಕೊಟ್ಟು ಸುಮ್ಮನಾಗಬಹುದಿತ್ತು. ಅವರು ಪರೀಕ್ಷೆಗೆ ಕರೆದರು.

ಕೊನೆಯದಾಗಿ ಒಂದು ಚಿಕ್ಕ ಕೆಲಸ. ಆಲ್ದೂರು ಕಡೆಯ ಆ ಅರ್ಜಿಯನ್ನು ಮತ್ತೆ ತೆಗೆಸಿ. ಆ ರಾತ್ರಿ ಡ್ರೋನ್ ಹಾರಿತ್ತಾ ಅಂತ ಪರಿಶೀಲಿಸಿ, ಹಿಂದಿನ ಉತ್ತರ ತಪ್ಪಾಗಿತ್ತು ಅಂತ ರೈಟರಿಗೆ ಮತ್ತು ಕಾವಲಿನವರಿಗೆ ಲಿಖಿತವಾಗಿ ತಿಳಿಸಿ. ಮರಗಳ ದಿಕ್ಕು ಬರೆದ ನಕ್ಷೆ, ಇಬ್ಬರ ಹೇಳಿಕೆ, ಆ ದಿನದ ಗ್ರಹಗಳ ಲೆಕ್ಕ ಎಲ್ಲದರ ಪ್ರತಿ ನಮ್ಮಲ್ಲಿದೆ. ತಮ್ಮ ಕಚೇರಿಗೆ ತಂದುಕೊಡಲು ಸಿದ್ಧರಿದ್ದೇವೆ. ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ, ತಿದ್ದಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಚಿಕ್ಕಮಗಳೂರು ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ,
ಎರಡೂ ಜಿಲ್ಲೆಯ ಸ್ನೇಹಿತರ ಪರವಾಗಿ